ರಾತ್ರಿ ಏನೂ ತಿನ್ನದೆ ಮಲಗಿದರೂ ಬೆಳಗ್ಗೆ ಶುಗರ್ ಜಾಸ್ತಿ ಯಾಕೆ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ಮೊದಲ ಮೆಸೇಜು ಚಿಕ್ಕಪ್ಪನದು. ಹೂವಿನ ಚಿತ್ರದ ಶುಭೋದಯ ಅಲ್ಲ, ಗ್ಲುಕೋಮೀಟರಿನ ಫೋಟೊ. ಮೊನ್ನೆ ಅದರಲ್ಲಿ 162 ಇತ್ತು. ಕೆಳಗೆ ಬರೆದಿದ್ದರು: "ರಾತ್ರಿ ಎರಡೇ ಚಪಾತಿ. ಮಲಗೋವಾಗ 138 ಇತ್ತು. ಆಮೇಲೆ ನೀರು ಬಿಟ್ಟು ಏನೂ ಮುಟ್ಟಿಲ್ಲ. ಇದು ಎಲ್ಲಿಂದ ಬಂತು ಮಾರಾಯ?" ಚಿಕ್ಕಮ್ಮನ ಉತ್ತರ ಕೂಡಲೇ ಬಂತು: "ಡಬ್ಬಿಯಲ್ಲಿದ್ದ ಮೈಸೂರ್ ಪಾಕ್ ಎರಡು ಕಮ್ಮಿಯಾಗಿದೆ."

ಮೈಸೂರ್ ಪಾಕಿನ ವಿಷಯ ಅವರಿಬ್ಬರಿಗೆ ಬಿಟ್ಟದ್ದು. ಆದರೆ ಚಿಕ್ಕಪ್ಪ ಹೇಳಿದ್ದು ನಿಜವೇ ಇರಬಹುದು. ಶುಗರ್ ಇರುವ ಎಷ್ಟೋ ಜನ ಡಾಕ್ಟರ ಹತ್ತಿರ ಕೇಳುವ ಪ್ರಶ್ನೆ ಇದು. ಏನೂ ತಿನ್ನದೆ ಸಕ್ಕರೆ ಏರುವುದು ಹೇಗೆ? ಉತ್ತರ ತಟ್ಟೆಯಲ್ಲಿಲ್ಲ. ಲಿವರ್‌ನಲ್ಲಿದೆ. ಆ ಲಿವರ್‌ಗೆ ಅಪ್ಪಣೆ ಕೊಡುವ ಪ್ಯಾಂಕ್ರಿಯಾಸ್‌ನಲ್ಲಿದೆ.

ನಾವು ಇದಕ್ಕೆ ಸಕ್ಕರೆ ಕಾಯಿಲೆ ಅಂತ ಹೆಸರಿಟ್ಟೆವು. ಹಳಬರು ಸಿಹಿಮೂತ್ರ ಅಂದರು. ಹೆಸರು ಕಣ್ಣಿಗೆ ಕಂಡದ್ದನ್ನು ಹೇಳುತ್ತದೆ, ಕೆಟ್ಟದ್ದೇನು ಅನ್ನುವುದನ್ನು ಹೇಳುವುದಿಲ್ಲ. ಹಾಗಾಗಿ ಎಲ್ಲ ತಪ್ಪನ್ನೂ ಸಕ್ಕರೆ ಡಬ್ಬಿಯ ಮೇಲೆ ಹೊರಿಸಿ, ಕಾಫಿಗೆ ಬೆಲ್ಲ ಹಾಕಿಕೊಂಡು ನಿಶ್ಚಿಂತೆಯಾಗಿ ಕೂರುತ್ತೇವೆ. ಬೆಲ್ಲವೂ ಹೊಟ್ಟೆ ಸೇರಿದ ಮೇಲೆ ಸಕ್ಕರೆಯೇ. ಅದು ಬೇರೆ ಮಾತು.

ಒಂದು ಚಮಚದ ಲೆಕ್ಕ

ದೊಡ್ಡವರ ಮೈಯಲ್ಲಿ ಹೆಚ್ಚುಕಮ್ಮಿ 5 ಲೀಟರ್ ರಕ್ತ ಇರುತ್ತದೆ. ರಿಪೋರ್ಟಿನಲ್ಲಿ 100 ಅಂತ ಬಂದರೆ 100 ಮಿಲಿ ರಕ್ತದಲ್ಲಿ 100 ಮಿಲಿಗ್ರಾಂ ಗ್ಲುಕೋಸ್ ಇದೆ ಎಂದರ್ಥ. ಇಡೀ ರಕ್ತಕ್ಕೆ ಲೆಕ್ಕ ಹಾಕಿದರೆ 5 ಗ್ರಾಂ. ಒಂದು ಟೀ ಚಮಚ. ಅಷ್ಟೇ!

ಈಗ ಊಟದ ಕಡೆ ನೋಡಿ. 100 ಗ್ರಾಂ ರಾಗಿ ಹಿಟ್ಟಿನಿಂದ ಕಟ್ಟಿದ ಮುದ್ದೆಯಲ್ಲಿ ಸುಮಾರು 65ರಿಂದ 70 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಜೀರ್ಣವಾದಾಗ ಅದರ ಬಹುಪಾಲು ಗ್ಲುಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಒಂದು ಚಮಚ ಇರುವ ಜಾಗಕ್ಕೆ ಹತ್ತು ಹನ್ನೆರಡು ಚಮಚ ಸುರಿದ ಹಾಗೆ. ಯಾರೂ ತಡೆಯದಿದ್ದರೆ ಶುಗರ್ ಸಾವಿರದ ಗಡಿಗೆ ಹೋಗಬೇಕಿತ್ತು. ಆರೋಗ್ಯವಾಗಿರುವವರಲ್ಲಿ ಅದು 140 ದಾಟುವುದೇ ಕಡಿಮೆ. ಎರಡು ಮೂರು ಗಂಟೆಯಲ್ಲಿ ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ.

ಇದರ ಉಲ್ಟಾ ಲೆಕ್ಕ ಇನ್ನೂ ಮಜವಾಗಿದೆ. ನಮ್ಮ ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲುಕೋಸ್ ಉರಿಸುತ್ತದೆ. ಗಂಟೆಗೆ 5 ಗ್ರಾಂ. ಅಂದರೆ ರಕ್ತದಲ್ಲಿರುವ ಅಷ್ಟೂ ಗ್ಲುಕೋಸ್ ಮೆದುಳೊಂದಕ್ಕೇ ಒಂದು ಗಂಟೆಗೆ ಸರಿಹೋಗುತ್ತದೆ. ನಾವು ಎಂಟು ಗಂಟೆ ಮಲಗುತ್ತೇವೆ. ಆದರೂ ಬೆಳಗ್ಗೆ 85, 90 ಇದ್ದೇ ಇರುತ್ತದೆ. ರಾತ್ರಿಯಿಡೀ ತುಂಬಿಸಿದವರು ಯಾರು?

ಲಿವರ್. ಅದು ಮನೆಯ ಕಣಜ ಇದ್ದ ಹಾಗೆ. ಊಟವಾದಾಗ ಉಳಿದ ಗ್ಲುಕೋಸನ್ನು ಗ್ಲೈಕೋಜನ್ ಮಾಡಿ ಸುಮಾರು 100 ಗ್ರಾಂ ತುಂಬಿಟ್ಟುಕೊಳ್ಳುತ್ತದೆ. ಉಪವಾಸದ ಹೊತ್ತಿನಲ್ಲಿ ತೆಗೆದು ಕೊಡುತ್ತದೆ. ಕಣಜ ತಳ ಕಾಣುವ ಹೊತ್ತಿಗೆ ಪ್ರೋಟೀನಿನ ತುಣುಕು, ಸ್ನಾಯುಗಳಿಂದ ಬರುವ ಲ್ಯಾಕ್ಟೇಟ್, ಕೊಬ್ಬಿನಿಂದ ಸಿಗುವ ಗ್ಲಿಸರಾಲ್ ಹಿಡಿದು ಹೊಸದಾಗಿ ಗ್ಲುಕೋಸ್ ಮಾಡುವ ಕೆಲಸವನ್ನೂ ಜಾಸ್ತಿ ಮಾಡುತ್ತದೆ. 60 ಕೆಜಿ ತೂಕದವರಲ್ಲಿ ರಾತ್ರಿ ಹೊತ್ತು ಗಂಟೆಗೆ ಸುಮಾರು 7 ಗ್ರಾಂ ಹೀಗೆ ಹೊರಬರುತ್ತದೆ. ಎಂಟು ಗಂಟೆಗೆ 55 ಗ್ರಾಂ ಮೇಲೆ. ನೀವು ಗೊರಕೆ ಹೊಡೆಯುತ್ತಿರುವಾಗ ನಿಮ್ಮದೇ ಲಿವರ್ ನಿಮಗೆ ಹತ್ತು ಹನ್ನೊಂದು ಚಮಚ ಸಕ್ಕರೆ ಉಣಿಸಿರುತ್ತದೆ.

ಹಾಗಾಗಿ ಚಿಕ್ಕಪ್ಪನ ಪ್ರಶ್ನೆಯನ್ನು ಸ್ವಲ್ಪ ತಿದ್ದಬೇಕು. ಸಕ್ಕರೆ ಎಲ್ಲಿಂದ ಬಂತು ಅನ್ನುವುದಲ್ಲ. ಲಿವರ್‌ಗೆ "ಸಾಕು, ಕೈ ಬಿಗಿ ಹಿಡಿ" ಅಂತ ಯಾರೂ ಯಾಕೆ ಹೇಳಲಿಲ್ಲ?

ಅಡಗಿ ಕೂತಿರುವ ಗ್ರಂಥಿ

ಹೇಳಬೇಕಾದದ್ದು ಪ್ಯಾಂಕ್ರಿಯಾಸ್. ಪಠ್ಯಪುಸ್ತಕದಲ್ಲಿ ಮೇದೋಜೀರಕ ಗ್ರಂಥಿ. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿದ ಹಾಗೆ ಅಡ್ಡ ಮಲಗಿರುತ್ತದೆ. ಉದ್ದ ಒಂದು ಗೇಣಿಗಿಂತ ಕಮ್ಮಿ, ತೂಕ 80ರಿಂದ 100 ಗ್ರಾಂ. ಅದರ ದೊಡ್ಡ ಭಾಗ ಮಾಡುವುದು ಜೀರ್ಣರಸ. ಹಾರ್ಮೋನು ಮಾಡುವ ಭಾಗ ಶೇ 1ರಿಂದ 2 ಮಾತ್ರ. ಅಂದರೆ ಒಂದೆರಡು ಗ್ರಾಂ. ಈ ಎರಡು ಗ್ರಾಂ ಕೈಕೊಟ್ಟರೆ ಕಣ್ಣು, ಕಿಡ್ನಿ, ಹೃದಯ, ಕಾಲು ಎಲ್ಲಕ್ಕೂ ಪೆಟ್ಟು.

1869ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಈ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಜೀರ್ಣರಸದ ಕೋಶಗಳ ನಡುವೆ ಅಲ್ಲಲ್ಲಿ ಬೇರೆ ಥರದ ಕೋಶಗಳ ಗುಂಪು ಕಂಡಿತು. ಇವು ಏನು ಮಾಡುತ್ತವೆ ಅನ್ನುವುದು ಅವನಿಗೆ ಗೊತ್ತಾಗಲಿಲ್ಲ. ಸುಮ್ನೆ ಕಂಡದ್ದನ್ನು ಬರೆದಿಟ್ಟ. 20 ವರ್ಷದ ನಂತರ, 1889ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಪ್ಯಾಂಕ್ರಿಯಾಸ್ ತೆಗೆದುಹಾಕಿದರು. ನಾಯಿಗೆ ಡಯಾಬಿಟಿಸ್ ಬಂತು. ಆಮೇಲೆ ಆ ಕೋಶಗಳ ಗುಂಪಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳು ಅಂತ ಹೆಸರು ಬಂತು. ನಮ್ಮ ಪ್ಯಾಂಕ್ರಿಯಾಸ್‌ನಲ್ಲಿ ಇಂಥ ದ್ವೀಪಗಳು ಸುಮಾರು ಹತ್ತು ಲಕ್ಷ ಇವೆ.

ಪ್ರತಿ ದ್ವೀಪವೂ ಒಂದು ಪುಟ್ಟ ವಠಾರ. ಅಲ್ಲಿ ಬೀಟಾ ಕೋಶಗಳು ಜಾಸ್ತಿ. ಅವು ಮಾಡುವುದು ಇನ್ಸುಲಿನ್. ಪಕ್ಕದ ಬಾಗಿಲಲ್ಲೇ ಆಲ್ಫಾ ಕೋಶಗಳು, ಅವುಗಳದು ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು. ನಡುವೆ ಕೆಲವು ಡೆಲ್ಟಾ ಕೋಶಗಳು. ಅವು ಸೊಮ್ಯಾಟೊಸ್ಟ್ಯಾಟಿನ್ ಬಿಟ್ಟು ಇಬ್ಬರ ಸದ್ದನ್ನೂ ಅಡಗಿಸುವ ಹಿರಿಯರು.

ಬೀಟಾ ಕೋಶದ ಚಾಕಚಕ್ಯತೆ ಹೇಳಲೇಬೇಕು. ಅದಕ್ಕೆ ಬೇರೆ ಯಾರೂ ಬಂದು ಸಕ್ಕರೆ ಜಾಸ್ತಿಯಾಗಿದೆ ಅಂತ ಹೇಳಬೇಕಿಲ್ಲ. ತಾನೇ ರುಚಿ ನೋಡುತ್ತದೆ. ರಕ್ತದ ಗ್ಲುಕೋಸ್ ಅದರೊಳಗೆ ಸಲೀಸಾಗಿ ಹೋಗುತ್ತದೆ. ಗ್ಲುಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿದು ಉರಿಸಲು ಕಳಿಸುತ್ತದೆ. ಗ್ಲುಕೋಸ್ ಜಾಸ್ತಿ ಉರಿದಷ್ಟೂ ಒಳಗೆ ಎಟಿಪಿ ಎಂಬ ಇಂಧನ ಜಾಸ್ತಿ. ಎಟಿಪಿ ಏರಿದಾಗ ಕೋಶದ ಗೋಡೆಯಲ್ಲಿರುವ ಪೊಟ್ಯಾಸಿಯಂ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಇದರಿಂದ ಗೋಡೆಯ ವಿದ್ಯುತ್ ಬದಲಾಗಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗಿದ ತಕ್ಷಣ, ಮೊದಲೇ ಪೊಟ್ಟಣ ಕಟ್ಟಿಟ್ಟಿದ್ದ ಇನ್ಸುಲಿನ್ ಹೊರಗೆ ಬೀಳುತ್ತದೆ.

ನಮ್ಮಲ್ಲಿ ಎಷ್ಟೋ ಜನ ದಿನಾ ನುಂಗುವ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆಗಳು ಕೆಲಸ ಮಾಡುವುದು ಇದೇ ಪೊಟ್ಯಾಸಿಯಂ ಬಾಗಿಲಿನ ಮೇಲೆ. ಗ್ಲುಕೋಸ್ ಬರಲಿ ಬಿಡಲಿ, ಮಾತ್ರೆ ಬಾಗಿಲು ಮುಚ್ಚುತ್ತದೆ. ಹಾಗಾಗಿಯೇ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ಇಳಿದು ಕೈ ನಡುಗುವುದು, ಬೆವರುವುದು, ತಲೆ ಸುತ್ತುವುದು. ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೆ ಕಾಯುತ್ತಾ ಕೂತವರಿಗೆ ಇದು ಆಗಾಗ ಆಗುವುದನ್ನು ನೋಡಿದ್ದೇವೆ ಅಲ್ವಾ? 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹೊರಬಿದ್ದ ಇನ್ಸುಲಿನ್ ಮೂರು ಕಡೆ ಮಾತಾಡುತ್ತದೆ. ಸ್ನಾಯುಗಳಿಗೆ: ಗ್ಲುಕೋಸ್ ಒಳಗೆ ಬಿಟ್ಟುಕೊಳ್ಳಿ. ಕೊಬ್ಬಿಗೆ: ಕೂಡಿಡು, ಈಗ ಕರಗಬೇಡ. ಲಿವರ್‌ಗೆ: ಕಣಜದ ಬಾಯಿ ಮುಚ್ಚು. ನಮ್ಮ ಲೇಖನಗಳಲ್ಲಿ ಮೊದಲನೆಯದನ್ನೇ ಹೇಳಿ ಹೇಳಿ, ಇನ್ಸುಲಿನ್ ಅಂದರೆ ಜೀವಕೋಶದ ಬೀಗ ತೆಗೆಯುವ ಕೀಲಿಕೈ ಅಷ್ಟೇ ಅನ್ನುವ ಹಾಗಾಗಿದೆ. ಫಾಸ್ಟಿಂಗ್ ಶುಗರ್, ಅಂದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡುವ ಶುಗರ್, ಅರ್ಥವಾಗಬೇಕಾದರೆ ಮೂರನೆಯ ಮಾತು ಮುಖ್ಯ.

ಹೆಸರಾಗದ ಹಾರ್ಮೋನು

ಇನ್ಸುಲಿನ್ ಕಥೆ ಎಲ್ಲರಿಗೂ ಗೊತ್ತು. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿದ್ದು, 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇಂಜೆಕ್ಷನ್ ಕೊಟ್ಟಿದ್ದು, ಅದು ಸರಿಹೋಗದೆ ಅವರ ಜೊತೆಗಾರ ಕಾಲಿಪ್ ಇನ್ನೂ ಶುದ್ಧ ಮಾಡಿಕೊಟ್ಟ ಇನ್ಸುಲಿನ್ 12 ದಿನದ ನಂತರ ಹುಡುಗನನ್ನು ಉಳಿಸಿದ್ದು. ಮಾರನೇ ವರ್ಷ ನೊಬೆಲ್ ಬಂತು.

ಆದರೆ ಆ ಕಾಲದ ಪ್ಯಾಂಕ್ರಿಯಾಸ್ ರಸದಲ್ಲಿ ಒಂದು ವಿಚಿತ್ರ ಇತ್ತು. ಚುಚ್ಚಿದ ಕೂಡಲೇ ಶುಗರ್ ಇಳಿಯುವ ಬದಲು ಮೊದಲು ಸ್ವಲ್ಪ ಏರುತ್ತಿತ್ತು. ರಸದಲ್ಲಿ ಇನ್ಸುಲಿನ್ ಜೊತೆ ಇನ್ನೇನೋ ಸೇರಿಕೊಂಡಿದೆ ಎಂದು ಕಂಡುಕೊಂಡು, 1923ರಲ್ಲಿ ಕಿಂಬಾಲ್ ಮತ್ತು ಮರ್ಲಿನ್ ಅದಕ್ಕೆ ಗ್ಲುಕಗಾನ್ ಅಂತ ಹೆಸರಿಟ್ಟರು. ಇನ್ಸುಲಿನ್ ಜೊತೆ ಬಂದ ಕಸ ಅಂದುಕೊಂಡಿದ್ದು ಅದರ ಜೋಡಿಯೇ ಆಗಿತ್ತು. ಗ್ಲುಕಗಾನ್ ಲಿವರ್‌ಗೆ ಹೇಳುವುದು ಇಷ್ಟೇ: ಕಣಜ ತೆರೆ, ಹಂಚು.

ವಠಾರ ಒಂದೇ ಆದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದೆ. ಊಟವಾದಾಗ ಬೀಟಾ ಕೋಶ ಇನ್ಸುಲಿನ್ ಬಿಟ್ಟರೆ ಪಕ್ಕದ ಆಲ್ಫಾ ಕೋಶ ಸುಮ್ಮನಾಗುತ್ತದೆ. ಉಪವಾಸದಲ್ಲಿ ಇನ್ಸುಲಿನ್ ಇಳಿದರೆ ಆಲ್ಫಾ ದನಿ ಏರಿಸುತ್ತದೆ. ಇನ್ಸುಲಿನ್ ಕೂಡ ನಲ್ಲಿ ತಿರುಗಿಸಿದ ಹಾಗೆ ಒಂದೇ ಸಮ ಹರಿಯುವುದಿಲ್ಲ. ಸುಮಾರು ಐದು ನಿಮಿಷಕ್ಕೊಮ್ಮೆ ಅಲೆ ಅಲೆಯಾಗಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅದು ಹೋಗುವ ದಾರಿ. ಪ್ಯಾಂಕ್ರಿಯಾಸ್‌ನ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಸಿರೆ ಎಂಬ ರಕ್ತನಾಳ ಹಿಡಿದು ಮೊದಲು ಲಿವರ್‌ಗೆ ಹೋಗುತ್ತದೆ. ಇನ್ಸುಲಿನ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಅಲ್ಲೇ ಖರ್ಚಾಗುತ್ತದೆ. ಉಳಿದರ್ಧ ಮಾತ್ರ ಮೈಗೆಲ್ಲ ಹಂಚಿಕೆ. ಪ್ಯಾಂಕ್ರಿಯಾಸ್ ಮೊದಲು ಮಾತಾಡುವುದು ಲಿವರ್ ಜೊತೆ. ಹೊಟ್ಟೆಗೆ, ತೊಡೆಗೆ ಚುಚ್ಚಿಕೊಳ್ಳುವ ಇನ್ಸುಲಿನ್‌ಗೆ ಈ ಒಳದಾರಿ ಇಲ್ಲ. ಅದು ಊರೆಲ್ಲ ಸುತ್ತಿ ಲಿವರ್ ಮುಟ್ಟುತ್ತದೆ.

ಎತ್ತು ಏರಿಗೆ, ಕೋಣ ನೀರಿಗೆ

ಹೆಚ್ಚಿನವರಿಗೆ ಬರುವ ಟೈಪ್ 2 ಡಯಾಬಿಟಿಸ್‌ನಲ್ಲಿ ಈ ಮಾತುಕತೆ ಕೆಡುತ್ತದೆ. ಲಿವರ್‌ನಲ್ಲಿ ಕೊಬ್ಬು ಕೂತಾಗ ಅದಕ್ಕೆ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಬೀಟಾ ಕೋಶ ದನಿ ಏರಿಸುತ್ತದೆ, ಇನ್ನೂ ಜಾಸ್ತಿ ಇನ್ಸುಲಿನ್ ಬಿಡುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ದುಡಿದು ಸೋಲುತ್ತದೆ. ಬೀಟಾ ಸೋತರೆ ಆಲ್ಫಾವನ್ನು ಸುಮ್ಮನಾಗಿಸುವವರಿಲ್ಲ. ಊಟವಾದ ಮೇಲೂ ಗ್ಲುಕಗಾನ್ ಇಳಿಯುವುದಿಲ್ಲ, ಕೆಲವರಲ್ಲಿ ಏರುವುದೂ ಉಂಟು. ಒಂದು ಕಡೆ ತಟ್ಟೆಯ ಗ್ಲುಕೋಸ್ ಬರುತ್ತಿದೆ, ಇನ್ನೊಂದು ಕಡೆ ಲಿವರ್ ಬರಗಾಲ ಬಂದ ಹಾಗೆ ಕಣಜ ಖಾಲಿ ಮಾಡುತ್ತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ.

ಇದರ ಮೇಲೆ ಬೆಳಗಿನ ಜಾವದ ಒಂದು ಮಾಮೂಲಿ ಇದೆ. ಮೂರು ನಾಲ್ಕು ಗಂಟೆಯಿಂದ ಮೈ ಏಳಲು ತಯಾರಾಗುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ರಾತ್ರಿ ಸುರಿದ ಗ್ರೋತ್ ಹಾರ್ಮೋನಿನ ಪ್ರಭಾವವೂ ಇರುತ್ತದೆ. ಎರಡೂ ಇನ್ಸುಲಿನ್ ಮಾತಿಗೆ ಅಡ್ಡ ಬರುವಂಥವು. ಆರೋಗ್ಯವಾಗಿರುವವರಲ್ಲಿ ಬೀಟಾ ಕೋಶ ಸ್ವಲ್ಪ ಜಾಸ್ತಿ ಇನ್ಸುಲಿನ್ ಬಿಟ್ಟು ಸರಿದೂಗಿಸುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಚಿಕ್ಕಪ್ಪನ ಬೀಟಾ ಕೋಶಗಳಿಗೆ ಅಷ್ಟು ಕಸುವು ಉಳಿದಿಲ್ಲ. 138 ಇದ್ದದ್ದು 162 ಆಯಿತು. ಅವರ ಡಾಕ್ಟರು ಕೊಟ್ಟಿರುವ ಮೆಟ್‌ಫಾರ್ಮಿನ್ ಮುಖ್ಯವಾಗಿ ಮಾಡುವ ಕೆಲಸವೂ ಲಿವರ್ ಕೈಯನ್ನು ಸ್ವಲ್ಪ ಬಿಗಿ ಹಿಡಿಸುವುದು.

ಆದ್ದರಿಂದ ಫಾಸ್ಟಿಂಗ್ ರಿಪೋರ್ಟನ್ನು ನಿನ್ನೆ ರಾತ್ರಿಯ ಊಟದ ಬಿಲ್ ಅಂತ ಓದಬಾರದು. ಅದರಲ್ಲಿ ದೊಡ್ಡ ಪಾಲು ಲಿವರ್ ರಾತ್ರಿ ಹೇಗೆ ನಡೆದುಕೊಂಡಿತು ಅನ್ನುವುದರದ್ದು. ತಿಂದು ಎರಡು ಗಂಟೆಗೆ ನೋಡುವ ಪಿಪಿ ಬೇರೆ ಕಥೆ ಹೇಳುತ್ತದೆ. ಶುಗರ್ ಏರಿದ ಮೊದಲ ಹತ್ತು ನಿಮಿಷದಲ್ಲಿ, ಕಟ್ಟಿಟ್ಟ ಪೊಟ್ಟಣಗಳಿಂದ ಬೀಟಾ ಕೋಶ ಒಮ್ಮೆಲೇ ಇನ್ಸುಲಿನ್ ಸುರಿಯಬೇಕು. ಟೈಪ್ 2ರಲ್ಲಿ ಶುರುವಿನಲ್ಲೇ ಕೈಕೊಡುವುದು ಈ ಮೊದಲ ಸುರಿತ. ಹಾಗಾಗಿ ಫಾಸ್ಟಿಂಗ್ 95 ಇದ್ದು ಪಿಪಿ 210 ಬರುವವರು ಇದ್ದಾರೆ. ಬರೀ ಫಾಸ್ಟಿಂಗ್ ಮಾಡಿಸಿ ಖುಷಿಯಾಗಿ ಇಡ್ಲಿ ವಡೆ ತಿನ್ನಲು ಹೋಗುವವರೂ ಇದ್ದಾರೆ. ಮೂರು ತಿಂಗಳ ಆವರೇಜ್ ಹೇಳುವ ಎಚ್‌ಬಿಎ1ಸಿ ಒಳ್ಳೆಯ ಪರೀಕ್ಷೆಯೇ. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಮಾಮೂಲಿ ಅಂತ ಹೇಳಬೇಕಿಲ್ಲ.

ಇನ್ನೊಂದು ಕಹಿ ವಿಷಯ. ಫಾಸ್ಟಿಂಗ್ 126 ಮುಟ್ಟಿ ಡಯಾಬಿಟಿಸ್ ಅಂತ ಹೆಸರು ಬೀಳುವ ಹೊತ್ತಿಗೆ ಬೀಟಾ ಕೋಶಗಳು ಬಹಳ ಸೋತಿರುತ್ತವೆ. ತೀರಿಕೊಂಡವರ ಪ್ಯಾಂಕ್ರಿಯಾಸ್ ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫಾಸ್ಟಿಂಗ್ ಸ್ವಲ್ಪ ಏರಿದ್ದ ದಪ್ಪ ಜನರಲ್ಲಿ ಬೀಟಾ ಕೋಶಗಳ ಪ್ರಮಾಣ, ಶುಗರ್ ಇಲ್ಲದ ದಪ್ಪ ಜನರಿಗಿಂತ ಶೇ 40ರಷ್ಟು ಕಮ್ಮಿ ಇತ್ತು. ಡಯಾಬಿಟಿಸ್ ಇದ್ದ ದಪ್ಪ ಜನರಲ್ಲಿ ಶೇ 63ರಷ್ಟು. ರಿಪೋರ್ಟಿನಲ್ಲಿ "ಬಾರ್ಡರ್" ಅಂತ ಬಂದಾಗ ಸುಮ್ನೆ ನಕ್ಕು ಬಿಡುತ್ತೇವಲ್ಲ, ಕಣಜದ ಕಾವಲುಗಾರರಲ್ಲಿ ಎಷ್ಟೋ ಜನ ಆಗಲೇ ಹೋಗಿರುತ್ತಾರೆ.

ತೆಳ್ಳಗಿದ್ದರೂ ನಮಗೇ ಯಾಕೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ. ಬಾರ್ಡರಿನಲ್ಲಿರುವವರು 13.6 ಕೋಟಿ. ಇವರಲ್ಲಿ ಎಷ್ಟೋ ಜನ ನೋಡಲು ದಪ್ಪವೇನಿಲ್ಲ.

ಇದಕ್ಕೆ ಒಂದು ಚಂದದ ಉದಾಹರಣೆ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೊ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಒಂದೇ, 22.3. ಇಬ್ಬರೂ ತೆಳ್ಳಗೆ. ಆದರೆ ಮೈಯ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮಲ್ಲಿ ಸ್ನಾಯು ಕಮ್ಮಿ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯ ಒಳಗೆ, ಲಿವರ್ ಸುತ್ತಮುತ್ತ. ಊಟದ ಗ್ಲುಕೋಸನ್ನು ಹೀರಿಕೊಳ್ಳಬೇಕಾದ ಸ್ನಾಯು ಚಿಕ್ಕದು, ಮಾತು ಕೇಳಬೇಕಾದ ಲಿವರ್ ಕಿವುಡು. ಮೇಲಾಗಿ ನಮ್ಮ ಬೀಟಾ ಕೋಶಗಳೂ ಬೇಗ ಸುಸ್ತಾಗುತ್ತವೆ. ಚೆನ್ನೈನಲ್ಲಿ ಬಾರ್ಡರಿನವರನ್ನು ಪರೀಕ್ಷಿಸಿದಾಗ, ಶುಗರ್ ಸ್ವಲ್ಪವೇ ಏರಿದ ಹಂತದಲ್ಲೇ ಬೀಟಾ ಕೋಶಗಳ ಕೆಲಸ ಇಳಿದಿರುವುದು ಕಂಡಿದೆ.

ಈ ಹುಡುಕಾಟದಲ್ಲಿ ಮೈಸೂರಿನ ಪಾಲು ದೊಡ್ಡದು. ಅದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ ಎಲ್ಲ ಬರೆದಿಟ್ಟಿತ್ತು. ಹಾಗೆ ಹುಟ್ಟಿದ 506 ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ 1998ರಲ್ಲಿ ವರದಿ ಬಂತು. ಇಂಗ್ಲೆಂಡಿನಲ್ಲಿ ಕಮ್ಮಿ ತೂಕದ ಕೂಸುಗಳಿಗೆ ಮುಂದೆ ಡಯಾಬಿಟಿಸ್ ಜಾಸ್ತಿ ಎಂದು ಕಂಡಿತ್ತು. ಮೈಸೂರಿನಲ್ಲಿ ಬೇರೆಯೇ ಕಂಡಿತು. ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಜಾಸ್ತಿ ಇದ್ದವರಲ್ಲಿ ಡಯಾಬಿಟಿಸ್ ಜಾಸ್ತಿ ಇತ್ತು.

ಕಾರಣ ಏನಿರಬಹುದು? ತಾಯಿಯ ಗ್ಲುಕೋಸ್ ಮಾಸು (ಪ್ಲಾಸೆಂಟಾ) ದಾಟಿ ಕೂಸಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಬಸುರಿಯಲ್ಲಿ ಶುಗರ್ ಏರಿದರೆ ಹೊಟ್ಟೆಯೊಳಗಿನ ಕೂಸಿನ ಪುಟ್ಟ ಪ್ಯಾಂಕ್ರಿಯಾಸೇ ಆ ಹೊರೆ ಹೊರಬೇಕು. ಅದು ಜಾಸ್ತಿ ಇನ್ಸುಲಿನ್ ಮಾಡುತ್ತದೆ, ಕೂಸಿಗೆ ಕೊಬ್ಬು ಕಟ್ಟುತ್ತದೆ. ಗುಂಡಗಿರುವ ಮಗುವನ್ನು ಕಂಡು ದೃಷ್ಟಿ ತೆಗೆಯುವ ನಾವು ತಾಯಿಯ ಶುಗರ್ ಕಡೆ ನೋಡಿರುವುದಿಲ್ಲ. ಬಸುರಿಯರಿಗೆ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಇದಕ್ಕಾಗಿಯೇ ಇರುವುದು. ಊಟ ಮಾಡಿ ಬಂದಿದ್ದರೂ ಮಾಡಬಹುದು. 140 ಮುಟ್ಟಿದರೆ ಎಚ್ಚರ.

ಇನ್ನೊಂದು ತುದಿಯಲ್ಲಿ ಹೊಟ್ಟೆಗಿಲ್ಲದೆ ಬೆಳೆದವರ ಡಯಾಬಿಟಿಸ್ ಇದೆ. ಸಣಕಲು ಮೈ, ಇನ್ಸುಲಿನ್ ಮಾತು ಚೆನ್ನಾಗೇ ಕೇಳುತ್ತದೆ, ಆದರೆ ಇನ್ಸುಲಿನ್ನೇ ಸಾಲದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಇಂಥವರ ಮೇಲೆ ನಡೆದ ಕೆಲಸ ಇದನ್ನು ಚೆನ್ನಾಗಿ ತೋರಿಸಿತು. ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ಇದನ್ನು ಟೈಪ್ 5 ಅಂತ ಬೇರೆಯಾಗಿ ಗುರುತಿಸಿತು. ಇವರಿಗೆ "ಊಟ ಕಮ್ಮಿ ಮಾಡಿ" ಅನ್ನುವ ಮಾಮೂಲಿ ಸಲಹೆ ಕೊಟ್ಟರೆ ಹೇಗಾದೀತು?

ಊಟದ ಮಾತು ಬಂತು. ಅದೇ ಇಂಡಿಯಾಬ್ ಅಧ್ಯಯನದ 2025ರ ವರದಿ ನಮ್ಮ ಕಡೆಯ ಒಂದು ನಂಬಿಕೆಗೆ ಸೂಜಿ ಚುಚ್ಚಿತು. ಭಾರತೀಯರ ಕ್ಯಾಲರಿಯಲ್ಲಿ ಶೇ 62ರಷ್ಟು ಕಾರ್ಬೊಹೈಡ್ರೇಟ್‌ನಿಂದಲೇ ಬರುತ್ತದೆ. ಬಿಳಿ ಅಕ್ಕಿಯ ಜಾಗದಲ್ಲಿ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಇಟ್ಟರೆ, ಒಟ್ಟು ಪ್ರಮಾಣ ಇಳಿಸದಿದ್ದರೆ, ಅಪಾಯವೇನೂ ಕಮ್ಮಿಯಾಗಿ ಕಾಣಲಿಲ್ಲ. ಸ್ವಲ್ಪ ಕಾರ್ಬೊಹೈಡ್ರೇಟ್ ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಬಂದಾಗ ಕಮ್ಮಿಯಾಗಿ ಕಂಡಿತು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಎಲ್ಲ ಇದೆ, ನಿಜ. ಆದರೆ ನುಣ್ಣಗೆ ಬೀಸಿ, ಬೇಯಿಸಿ, ಮೆತ್ತಗೆ ಗುಳುಂ ಅಂತ ನುಂಗಿದ ಎರಡು ಮುದ್ದೆ ಬೀಟಾ ಕೋಶದ ಪಾಲಿಗೆ 130 ಗ್ರಾಂ ಗ್ಲುಕೋಸಿನ ಕೆಲಸವೇ. ಹಿಂದೆ ಮುದ್ದೆ ತಿಂದು ಹೊಲ ಉಳುತ್ತಿದ್ದವರ ಸ್ನಾಯು ಅದನ್ನು ಉರಿಸುತ್ತಿತ್ತು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ಗ್ಲುಕೋಸ್ ಒಳಗೆಳೆದುಕೊಳ್ಳುತ್ತದೆ. ಊಟವಾದ ಮೇಲೆ ನಾಲ್ಕು ಹೆಜ್ಜೆ ಹಾಕಿ ಅನ್ನುವುದರ ಹಿಂದಿರುವ ವಿಜ್ಞಾನ ಇದೇ. ನಮ್ಮ ಸಾರಿನ ಬಟ್ಟಲಲ್ಲಿ ಕಾಳು ತಳದಲ್ಲಿ, ಮುದ್ದೆ ತಟ್ಟೆ ತುಂಬಾ. ಅದನ್ನು ತಿರುವಿ ಹಾಕಿದರೆ ಸಾಕು ಅನ್ನುವುದು ನನ್ನ ಅನಿಸಿಕೆ.

ಕರುಳಿನಿಂದ ಬಂದ ಹೊಸ ಮದ್ದು

ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್ ಕೂಡ ಇದೇ ಮಾತುಕತೆಯ ಮುಂದಿನ ಭಾಗ. ಗ್ಲುಕೋಸನ್ನು ಸಿರೆಗೆ ಏರಿಸಿದರೆ ಬರುವ ಇನ್ಸುಲಿನ್‌ಗಿಂತ, ಅಷ್ಟೇ ಶುಗರ್ ಏರುವಷ್ಟು ಬಾಯಿಂದ ಕುಡಿದರೆ ಬರುವ ಇನ್ಸುಲಿನ್ ಬಹಳ ಜಾಸ್ತಿ. ಕರುಳು ಮುಂಚೆಯೇ ಪ್ಯಾಂಕ್ರಿಯಾಸ್‌ಗೆ ಸುದ್ದಿ ಮುಟ್ಟಿಸುತ್ತದೆ: ಊಟ ಬರ್ತಾ ಇದೆ, ತಯಾರಾಗು. ಸುದ್ದಿ ಒಯ್ಯುವವರಲ್ಲಿ ಒಬ್ಬರು ಜಿಎಲ್‌ಪಿ-1, ಇನ್ನೊಬ್ಬರು ಜಿಐಪಿ. ಜಿಎಲ್‌ಪಿ-1 ಇನ್ಸುಲಿನ್ ಏರಿಸಿ ಗ್ಲುಕಗಾನನ್ನು ಇಳಿಸುತ್ತದೆ. ಎರಡೂ ಕೆಲಸ ಶುಗರ್ ಜಾಸ್ತಿ ಇದ್ದಾಗ ಮಾತ್ರ. ಹಾಗಾಗಿ ಒಂದೇ ಮದ್ದಾಗಿ ಕೊಟ್ಟರೆ ಶುಗರ್ ತೀರಾ ಕುಸಿಯುವ ಭಯ ಕಮ್ಮಿ.

ತೊಂದರೆ ಏನೆಂದರೆ ಮೈಯಲ್ಲಿ ಹುಟ್ಟುವ ಜಿಎಲ್‌ಪಿ-1 ಒಂದೆರಡು ನಿಮಿಷದಲ್ಲಿ ಒಡೆದುಹೋಗುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ತಡೆಯುವುದೇ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮಾತ್ರೆಗಳ ಕೆಲಸ. ಅದನ್ನೇ ಹೋಲುವ, ಆದರೆ ಬೇಗ ಒಡೆಯದ ಹಾರ್ಮೋನು ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ. ಅದರಿಂದ 2005ರಲ್ಲಿ ಎಕ್ಸೆನಟೈಡ್ ಬಂತು. ಈಗಿನ ಇಂಜೆಕ್ಷನ್‌ಗಳಾದ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಆಮೇಲೆ ಬಂದವು. ಟಿರ್ಜೆಪಟೈಡ್ ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಸೆಮಾಗ್ಲುಟೈಡ್‌ನ ವೆಗೊವಿ ಅದೇ ಜೂನ್‌ನಲ್ಲಿ. ಸೆಮಾಗ್ಲುಟೈಡ್‌ಗೆ ಇಲ್ಲಿ ಪೇಟೆಂಟ್ ಇದ್ದದ್ದು 2026ರ ಮಾರ್ಚ್‌ವರೆಗೆ. ಪೇಟೆಂಟ್ ಮುಗಿದರೆ ಬೆಲೆ ಇಳಿಯುವುದನ್ನು ನಾವು ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಯಲ್ಲಿ ಕಣ್ಣಾರೆ ಕಂಡಿದ್ದೇವೆ.

ಬೆಲೆ ಇಳಿಯುವುದು ಒಳ್ಳೆಯದೇ. ನನ್ನ ಆತಂಕ ಬೇರೆ. ಈ ಇಂಜೆಕ್ಷನ್‌ನಲ್ಲಿ ಇಳಿಯುವ ತೂಕದಲ್ಲಿ ಒಂದು ಪಾಲು ಸ್ನಾಯುವಿನದು. ಮೊದಲೇ ಸ್ನಾಯು ಕಮ್ಮಿ ಇರುವ ನಾವು, ಪ್ರೋಟೀನ್ ತಿನ್ನದೆ, ಭಾರ ಎತ್ತದೆ, ಬರೀ ಚುಚ್ಚಿಕೊಂಡು ತೆಳ್ಳಗಾದರೆ ಗ್ಲುಕೋಸ್ ಹೀರುವ ಜಾಗವೇ ಕಿರಿದಾಗುತ್ತದೆ. ಇನ್ನೊಂದು, ಈ ಮದ್ದು ಇನ್ಸುಲಿನ್ ಜಾಸ್ತಿ ಮಾಡಿಸಬೇಕಾದರೆ ಬೀಟಾ ಕೋಶ ಉಳಿದಿರಬೇಕು. ಬೇಗ ಎಚ್ಚೆತ್ತರೆ ಅವು ಮತ್ತೆ ಚೇತರಿಸಿಕೊಳ್ಳುವುದೂ ಉಂಟು. ಬ್ರಿಟನ್ನಿನ ಡೈರೆಕ್ಟ್ ಎಂಬ ಹೆಸರಿನ ಅಧ್ಯಯನದಲ್ಲಿ, ಡಯಾಬಿಟಿಸ್ ಬಂದು ಆರು ವರ್ಷದೊಳಗಿದ್ದವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಆಹಾರ ಕೊಟ್ಟರು. ವರ್ಷದ ಕೊನೆಗೆ ಶೇ 46ರಷ್ಟು ಜನ ಮಾತ್ರೆ ಇಲ್ಲದೆ ಡಯಾಬಿಟಿಸ್ ಗೆರೆಯ ಕೆಳಗಿದ್ದರು. ಲಿವರ್ ಕೊಬ್ಬು ಕರಗಿತು, ಪ್ಯಾಂಕ್ರಿಯಾಸ್ ಕೊಬ್ಬೂ ಇಳಿಯಿತು, ಮೊದಲ ಹತ್ತು ನಿಮಿಷದ ಇನ್ಸುಲಿನ್ ಸುರಿತ ವಾಪಸ್ ಬಂತು. ಎರಡನೇ ವರ್ಷಕ್ಕೆ ಶೇ 36 ಜನ ಉಳಿದರು. ತೂಕ ವಾಪಸ್ ಬಂದವರಲ್ಲಿ ಶುಗರ್ ಕೂಡ ವಾಪಸ್ ಬಂತು.

ಬೀಟಾ ಕೋಶಗಳೇ ಇಲ್ಲವಾದವರ ಪಾಡು ಬೇರೆ. ಟೈಪ್ 1ರಲ್ಲಿ ಮೈಯ ರಕ್ಷಣಾ ಪಡೆಯೇ ಅವುಗಳನ್ನು ಕೊಂದಿರುತ್ತದೆ. ಕೆಲವು ವರ್ಷ ಕಳೆದ ಮೇಲೆ ಆಲ್ಫಾ ಕೋಶವೂ ದಾರಿ ತಪ್ಪುತ್ತದೆ. ಪಕ್ಕದ ಮನೆಯ ಇನ್ಸುಲಿನ್ ಸದ್ದು ನಿಂತಿರುವುದರಿಂದ, ಶುಗರ್ 50ಕ್ಕೆ ಇಳಿದಾಗಲೂ ಗ್ಲುಕಗಾನ್ ಬಿಡಬೇಕು ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. 2025ರ ಜೂನ್‌ನಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಹೀಗೆ ಶುಗರ್ ಕುಸಿದು ನರಳುತ್ತಿದ್ದ 12 ಜನರಿಗೆ ಕಾಂಡಕೋಶದಿಂದ (ಸ್ಟೆಮ್ ಸೆಲ್) ಬೆಳೆಸಿದ ದ್ವೀಪಗಳನ್ನು ಪೂರ್ಣ ಪ್ರಮಾಣದಲ್ಲಿ ಹಾಕಿದರು. ವರ್ಷದ ಕೊನೆಗೆ 10 ಜನಕ್ಕೆ ಇನ್ಸುಲಿನ್ ಇಂಜೆಕ್ಷನ್ ಬೇಕಾಗಿರಲಿಲ್ಲ. ದ್ವೀಪಗಳನ್ನು ಹಾಕಿದ್ದು ಪ್ಯಾಂಕ್ರಿಯಾಸ್‌ಗೆ ಅಲ್ಲ. ಪೋರ್ಟಲ್ ಸಿರೆಯ ಮೂಲಕ ಬಿಟ್ಟರು, ಅವು ಹೋಗಿ ಲಿವರ್‌ನಲ್ಲೇ ಮನೆ ಮಾಡಿದವು. ಮೈ ಅವುಗಳನ್ನು ತಿರಸ್ಕರಿಸದಿರಲು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಬಿಡದೆ ತೆಗೆದುಕೊಳ್ಳುತ್ತಿರಬೇಕು. ಹಾಗಾಗಿ ಟೈಪ್ 2 ಇರುವ ಚಿಕ್ಕಪ್ಪನಂಥವರಿಗೆ ಇದು ಸದ್ಯಕ್ಕೆ ಅಲ್ಲ.